ಸ್ಪೇನಿನ ಬಸವಣ್ಣನ ಕಾಲಬಳಿ ಒಂದು ಜೊತೆ ಚಪ್ಪಲಿ

ನಂಜುಂಡೇಶ್ವರನನ್ನು ನಂಬಿದ ನಿಮಗೆಲ್ಲ ಸಿಂಗಾಪುರದ ಟ್ಯಾಂಪಿನೀಸ್‌ನಿಂದ ಸುಧಾಳ ನಮಸ್ಕಾರ. ಕಾಣದ ದೇಶದಲ್ಲಿ ಅತ್ತೆಯನ್ನು ಕಳೆದುಕೊಂಡು ಮತ್ತೆ ಪಡೆದವಳು ನಾನು. ನನ್ನ ತಪ್ಪನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಅತ್ತೆಗೆ ಎಪ್ಪತ್ತನಾಲ್ಕು. ಮಾವ ಹೋದ ಮೇಲೆ ಸಿಂಗಾಪುರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಎರಡು ವರ್ಷದಿಂದ ಮರೆವು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಎಲ್ಲ ಮಾಡಿಸಿ, "ಇದು ನಿಧಾನಕ್ಕೆ ಹೆಚ್ಚಾಗುತ್ತೆ, ಒಬ್ಬರನ್ನೇ ಬಿಡಬೇಡಿ" ಎಂದಿದ್ದರು ಡಾಕ್ಟರು. ಮಗನ ಹೆಸರು, ಮೊಮ್ಮಗಳ ಹೆಸರು ನೆನಪಿರುತ್ತಿತ್ತು. ನನ್ನದು ಮಾತ್ರ ಹಾರಿಹೋಗಿತ್ತು. "ನೋಡಮ್ಮ" ಎಂದು ಯಾರನ್ನೋ ಕರೆದಂತೆ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ಸಾರು ಬಡಿಸಿದ್ದಕ್ಕೆ ಇದೇನಾ ಬಹುಮಾನ ಎಂದು ಒಳಗೊಳಗೇ ಉರಿಯುತ್ತಿದ್ದೆ. ಮರೆವು ಬಂದಿದ್ದು ತಲೆಗೇ ಹೊರತು ಕಾಲಿಗಲ್ಲ. ನಮ್ಮ ಫ್ಲ್ಯಾಟಿನ ಬ್ಲಾಕ್ ಸುತ್ತ ವಾಕಿಂಗ್ ಹೊರಟರೆ ಮಂಡಿನೋವಿನ ನಾನೇ ಹಿಂದೆ.

ಹೋದ ಜೂನ್ ರಜೆಯಲ್ಲಿ ನಾಲ್ವರೂ ಸ್ಪೇನಿಗೆ ಹೋದೆವು. ದಕ್ಷಿಣದ ಒಂದು ಬೆಟ್ಟದೂರಿನಲ್ಲಿ ಗೂಳಿಕಾಳಗದ ಹಳೇ ಕಾಲದ ಅಖಾಡ ಇದೆ. ದುಂಡನೆಯ ಕಲ್ಲುಕಟ್ಟಡ, ಒಳಗೆ ಹಳದಿ ಮರಳು, ಸುತ್ತ ಕೆಂಪು ಬಣ್ಣದ ಮರದ ಬೇಲಿ. ಅವತ್ತು ಕಾಳಗವೇನೂ ಇರಲಿಲ್ಲ, ಬರೀ ಪ್ರವಾಸಿಗರು. ಆಡಿಯೋ ಗೈಡ್ ಕೇಳುತ್ತಿದ್ದ ನನ್ನ ಮಗಳು ಅನನ್ಯ ಅಜ್ಜಿಗೆ ಹೇಳಿಯೇಬಿಟ್ಟಳು. "ಇಲ್ಲೇ ಅಜ್ಜಿ, ಗೂಳೀನ ಸಾಯಿಸೋದು."

ಅತ್ತೆ ನಿಂತುಬಿಟ್ಟರು. "ಬಸವಣ್ಣನ್ನಾ? ಯಾಕೆ? ಅದೇನು ತಪ್ಪು ಮಾಡ್ತು?"

ಅದನ್ನೇ ಮತ್ತೆ ಮತ್ತೆ ಕೇಳತೊಡಗಿದರು. ಐದನೇ ಸಲ ಕೇಳಿದಾಗ ರೇಗಿಬಿಟ್ಟೆ. "ಸಾಕು ಸುಮ್ನಿರಿ ಅತ್ತೆ!" ಹೊರಗೆ ಬಾಗಿಲ ಪಕ್ಕದ ನೆರಳಲ್ಲಿ ಬೆಂಚಿನ ಮೇಲೆ ಕೂರಿಸಿ, "ಇಲ್ಲಿಂದ ಅಲ್ಲಾಡಬೇಡಿ" ಎಂದು ಹೇಳಿ, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಕೊಳ್ಳಲು ಅಂಗಡಿಗೆ ನುಗ್ಗಿದೆ. ಹತ್ತೇ ನಿಮಿಷ. ಬಂದು ನೋಡಿದರೆ ಬೆಂಚು ಖಾಲಿ.

ಆ ಊರಿರುವುದು ಪ್ರಪಾತದ ಅಂಚಿನಲ್ಲಿ. ಸ್ವಲ್ಪ ದೂರ ನಡೆದರೆ ಆಳವಾದ ಕಮರಿ. ಅತ್ತೆಗೆ ಅಲ್ಲಿನ ಭಾಷೆ ಬಾರದು, ಕೈಯಲ್ಲಿ ಫೋನಿಲ್ಲ. ಆಗಷ್ಟೇ ಹೊರಗೆ ಬಂದ ನನ್ನ ಗಂಡ, ಮಗಳು ಹುಡುಕಲು ಮತ್ತೆ ಒಳಗೆ ಓಡಿದರು. ನಾನು ಕಟ್ಟಡದ ಹೊರಸುತ್ತು ಹಿಡಿದೆ, ಕಂಡವರಿಗೆಲ್ಲ ಮೊಬೈಲಿನಲ್ಲಿ ಅತ್ತೆಯ ಫೋಟೋ ತೋರಿಸುತ್ತಾ. ಎಲ್ಲರೂ ಮುಂದಕ್ಕೆ ಕೈ ತೋರಿಸುವವರೇ. ಒಂದು ಸುತ್ತಾಯಿತು, ಎರಡಾಯಿತು, ಅತ್ತೆ ಇಲ್ಲ. ಮಂಡಿ ಕೈಕೊಟ್ಟಿತು. ಅಷ್ಟರಲ್ಲಿ ಅನನ್ಯ ಓಡಿ ಬಂದಳು. "ಒಳಗೆ ಎಲ್ಲೂ ಇಲ್ಲ, ಅಮ್ಮ!" ಅಪ್ಪ ಮಗಳು ಕಮರಿಯ ಕಡೆ ಹೋದರು. ಆ ದಿಕ್ಕಿಗೆ ನೋಡುವ ಧೈರ್ಯವೂ ನನಗಾಗಲಿಲ್ಲ.

ಬಾಗಿಲ ಎದುರಿಗೆ ಕಂಚಿನ ದೊಡ್ಡ ಗೂಳಿಯೊಂದಿತ್ತು. ಅದನ್ನೇ ಹಿಡಿದು ನಿಂತೆ. ದೇವರಿಗೆ ನೇರ ಹೇಳಲಾಗದ್ದನ್ನು ಬಸವಣ್ಣನ ಕಿವಿಯಲ್ಲಿ ಹೇಳು, ಅವನು ಮುಟ್ಟಿಸುತ್ತಾನೆ ಎಂದು ಮದುವೆಯಾದ ಹೊಸತರಲ್ಲಿ ನಂಜನಗೂಡಿನಲ್ಲಿ ಕಲಿಸಿಕೊಟ್ಟವರೇ ಅತ್ತೆ. ನಾಚಿಕೆ ಬಿಟ್ಟು ತುದಿಗಾಲಲ್ಲಿ ನಿಂತು, ಬಿಸಿಲಿಗೆ ಕಾದ ಆ ಕಿವಿಗೆ ಕೈ ಅಡ್ಡ ಹಿಡಿದು ಹೇಳಿದೆ. "ನನ್ನ ಹೆಸರು ನೆನಪಾಗೋದೇ ಬೇಡಪ್ಪ. ಅತ್ತೆ ಸಿಕ್ಕರೆ ಸಾಕು."

ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ, ಗೂಳಿಯ ಹಿಂಗಾಲಿನ ಬಳಿ ನೀಲಿ ಪಟ್ಟಿಯ ಒಂದು ಜೊತೆ ಚಪ್ಪಲಿ. ಟ್ಯಾಂಪಿನೀಸ್‌ನಲ್ಲಿ ನಾನೇ ಕೊಡಿಸಿದ್ದು! ದೇವಸ್ಥಾನದ ಮುಂದೆ ಬಿಡುವ ಹಾಗೆ ಒಪ್ಪವಾಗಿ ಜೋಡಿಸಿಟ್ಟಿದ್ದರು. ಹೊರಗೆ ಬಸವಣ್ಣ ಇದ್ದ ಮೇಲೆ ಒಳಗೆ ಈಶ್ವರ ಇರಲೇಬೇಕಲ್ಲ. ಅತ್ತೆ ಪ್ರದಕ್ಷಿಣೆ ಹೊರಟಿದ್ದರು. ನಾನೂ ಹುಟ್ಟಿನಿಂದ ಬಂದ ಅಭ್ಯಾಸದಂತೆ ಕಟ್ಟಡವನ್ನು ಬಲಕ್ಕಿಟ್ಟುಕೊಂಡೇ ಹುಡುಕಿದ್ದೆ. ಅವರು ಮುಂದೆ, ನಾನು ಹಿಂದೆ. ಹಾಗೇ ಸುತ್ತಿದ್ದರೆ ಸಂಜೆಯವರೆಗೂ ಸಿಗುತ್ತಿರಲಿಲ್ಲ. ಚಪ್ಪಲಿ ಬಿಟ್ಟವರು ಚಪ್ಪಲಿಗಾದರೂ ಬರಬೇಕು ಎಂದು ನಂಜುಂಡಪ್ಪನ ಮೇಲೆ ಭಾರ ಹಾಕಿ ಅಲ್ಲೇ ಕೂತೆ.

ಎರಡು ನಿಮಿಷವೂ ಆಗಿರಲಿಲ್ಲ. ಸೆರಗು ಹೊದ್ದು, ಕೈಮುಗಿದುಕೊಂಡು, ಬರಿಗಾಲಲ್ಲಿ ಅತ್ತೆ ತಿರುವಿನಲ್ಲಿ ಕಾಣಿಸಿದರು.

"ಎಷ್ಟಾಯ್ತೇ ಸುಧಾ ನಿಂದು? ನಂದು ಇನ್ನೊಂದು ಸುತ್ತಿದೆ. ಪಾಪ, ಇಲ್ಲಿ ಸತ್ತ ಬಸವಗಳಿಗೆ ಅಂತ ಹಾಕ್ತಿದೀನಿ."

ಸುಧಾ ಅಂದರು! ಕೇಳಿದ್ದು ಒಂದು, ಅವನು ಕೊಟ್ಟದ್ದು ಎರಡು. ನಡುಬೀದಿಯಲ್ಲಿ ಅವರನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ. ಗಂಡನಿಗೆ ಫೋನ್ ಮಾಡಿ, ಶೂ ಕಳಚಿಟ್ಟು, ಕೊನೆಯ ಸುತ್ತನ್ನು ಅವರ ಕೈ ಹಿಡಿದೇ ಹಾಕಿದೆ. ಮಂಡಿ ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ನೋಯಿತು.

ಮರೆವು ವಾಸಿಯಾಯಿತೇ ಎಂದು ಕೇಳಬೇಡಿ. ಆಗಿಲ್ಲ. ಮರುದಿನವೇ ನನ್ನ ಹೆಸರು ಮತ್ತೆ ಹೋಯಿತು. ಆದರೆ ಅವನು ಕೇಳಿಸಿಕೊಳ್ಳುತ್ತಾನೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಉಳಿದಿಲ್ಲ. ನನ್ನ ಸಿಡುಕನ್ನೂ ಬಹುಪಾಲು ಅವನೇ ತೆಗೆದುಕೊಂಡ. ಅವನಿಗೆ ಕೋಟಿ ನಮಸ್ಕಾರ.

ಈಗ ದಿನಾ ಬೆಳಿಗ್ಗೆ ನಮ್ಮ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ತೆರೆದ ನೆಲಮಹಡಿಯಾದ ವಾಯ್ಡ್ ಡೆಕ್‌ನಲ್ಲಿ, ಅತ್ತೆ ಬರಿಗಾಲಲ್ಲಿ ಸುತ್ತು ಹಾಕುತ್ತಾರೆ. ನಾನು ಬೆಂಚಿನ ಮೇಲೆ ಕೂತಿರುತ್ತೇನೆ. ನಡುವೆ ಒಮ್ಮೊಮ್ಮೆ ನಿಂತು ನನ್ನನ್ನೇ ದಿಟ್ಟಿಸುತ್ತಾರೆ.

"ನೀನ್ಯಾರಮ್ಮ?"

"ನಿಮ್ಮ ಚಪ್ಪಲಿ ಕಾಯೋಳು, ಅತ್ತೆ."

"ಹಾಗಾದ್ರೆ ಇಲ್ಲಿಂದ ಅಲ್ಲಾಡಬೇಡ" ಎಂದು ಹೇಳಿ ಮುಂದಿನ ಸುತ್ತಿಗೆ ಹೊರಡುತ್ತಾರೆ.