ಮೂರು ಸಿದ್ಧಾಂತ, ಒಂದು ತಟ್ಟೆ

ಸಮಾಜವನ್ನು ಅರಿಯಬೇಕೆನ್ನುವವನು ಅದರಿಂದ ತುಸು ದೂರ ನಿಂತು ನೋಡಬೇಕು. ಮೂವತ್ತು ವರ್ಷ ಕಾಲೇಜಿನಲ್ಲಿ ಹೀಗೆಂದು ಪಾಠ ಹೇಳಿದ ನಾನು, ನೋಡಬೇಕಾದದ್ದನ್ನು ಕೊನೆಗೂ ನೋಡಿದಾಗ ಅಡುಗೆಮನೆಯ ಸಿಂಕಿಗೆ ಹೊಟ್ಟೆ ತಾಗಿಸಿಕೊಂಡು ಲೋಟ ತೊಳೆಯುತ್ತಿದ್ದೆ.

ಐರ್ಲೆಂಡಿನ ಕ್ಲಾಂಡಾಲ್ಕಿನ್‌ನಲ್ಲಿರುವ ಮಗಳ ಮನೆಗೆ ಮೂರು ತಿಂಗಳಿಗೆಂದು ಬಂದವನು ಲಾಕ್‌ಡೌನ್ ದೆಸೆಯಿಂದ ಒಂದೂವರೆ ವರ್ಷ ಉಳಿದೆ. ಮಹಡಿಯಲ್ಲಿ ನನ್ನ ಕೋಣೆಯ ಪಕ್ಕದ ಕೋಣೆಗೆ ನಮ್ಮ ಕಡೆಯ ಒಬ್ಬ ಯುವ ಡಾಕ್ಟರು ಬಾಡಿಗೆಗೆ ಬಂದರು. ಊಟ ನಮ್ಮೊಡನೆ ಒಂದೇ ಮೇಜಿನಲ್ಲಿ. ಬಂದ ವಾರವೇ, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿದೆ. ಶಾಸ್ತ್ರೀಯ ಕುತೂಹಲ ನೋಡಿ.

"ಊರಲ್ಲ ಸರ್, ಊರಾಚೆ ಕೇರಿ," ಎಂದು ನಕ್ಕರು.

ಇದು ಫೆಬ್ರವರಿಯ ಮಾತು. ಮಾರ್ಚಿನಲ್ಲಿ ಅವರ ತಟ್ಟೆ, ಲೋಟ ಬೇರೆಯಾದವು. ನಡುವೆ ವೈರಸ್ಸು ಬಂದು ನನ್ನ ಮಾನ ಕಾಪಾಡಿತು. ಆಸ್ಪತ್ರೆಯಿಂದ ಬರುವವರು, ಎಚ್ಚರಿಕೆ ಬೇಕಲ್ಲ ಎಂದೆ. "ಒಳ್ಳೇದು ಸರ್, ನಾನೇ ಹೇಳೋಣ ಅಂತಿದ್ದೆ," ಎಂದು ಅವರೂ ಒಪ್ಪಿದರು. ತಟ್ಟೆ ಕಿಟಕಿಯ ಕಟ್ಟೆ ಸೇರಿತು, ಊಟ ಅವರ ಕೋಣೆ ಸೇರಿತು.

ಮರುವರ್ಷ ಮನೆಯಲ್ಲಿ ಎಲ್ಲರಿಗಿಂತ ಮೊದಲು ಲಸಿಕೆ ಬಿದ್ದದ್ದು ಅವರಿಗೆ. ಆಮೇಲೆ ನನಗೆ, ಕೊನೆಗೆ ಮಗಳಿಗೆ. ತಟ್ಟೆ ಮಾತ್ರ ಕಟ್ಟೆಯ ಮೇಲೆಯೇ ಇತ್ತು.

"ಅಪ್ಪ, ಅದನ್ನ ಇನ್ನೂ ಯಾಕೆ ಬೇರೆ ಇಡ್ತೀರಾ?"

"ಡಾಕ್ಟ್ರು ಕಣಮ್ಮ. ಹುಷಾರಾಗಿರ್ಬೇಕು."

"ಹುಷಾರು ಅವ್ರಿಗೋ, ನಿಮಗೋ?" ಎಂದಳು. ಅಷ್ಟರಲ್ಲಿ ಅವಳ ಆಫೀಸಿನ ಕರೆ ಬಂತು, ನಾನು ಬಚಾವಾದೆ.

ಆ ವಾರವೇ ಪಕ್ಕದ ಮನೆಯ ಐರಿಷ್ ಅಜ್ಜಿ ಒಳಗೆ ಬಂದು ನನ್ನದೇ ಲೋಟದಲ್ಲಿ ಕಾಫಿ ಕುಡಿದು, "ಗ್ರಾಂಡ್, ಗ್ರಾಂಡ್," ಎಂದು ಹೊಗಳಿ ಹೋದರು. ಆ ಲೋಟ ತೊಳೆದು ನಮ್ಮ ಲೋಟಗಳ ಸಾಲಿನಲ್ಲಿ ಬೋರಲು ಹಾಕಿದೆ. ಆಗ ಎದುರಿಗೆ ಕಿಟಕಿ ಕಂಡಿತು. ಕಟ್ಟೆಯ ಮೇಲಿದ್ದದ್ದೂ ಕಂಡಿತು. ಕಂಡಮೇಲೂ ಕೈ ಒರೆಸಿಕೊಂಡು ಮಹಡಿ ಹತ್ತಿದೆ. ಮರುದಿನದ ಪಾಠಕ್ಕೆ ತಯಾರಿ ಆಗಬೇಕಿತ್ತು.

ಹಳೆಯ ಕಾಲೇಜಿನವರ ಒತ್ತಾಯಕ್ಕೆ ಆನ್‌ಲೈನ್ ಪಾಠ ಒಪ್ಪಿಕೊಂಡಿದ್ದೆ. ಅಂದಿನ ವಿಷಯ ಸಮಾಜಶಾಸ್ತ್ರದ ಮೂರು ಮುಖ್ಯ ದೃಷ್ಟಿಕೋನಗಳ ಹೋಲಿಕೆ. ಉದಾಹರಣೆಗೆ ಬೇರೇನೂ ಹೊಳೆಯಲಿಲ್ಲ. "ಒಂದು ಮನೆ, ಅಲ್ಲಿ ಒಬ್ಬರಿಗೆ ಮಾತ್ರ ಬೇರೆ ತಟ್ಟೆ" ಎಂದು ಶುರು ಮಾಡಿದೆ. ಪ್ರಕಾರ್ಯವಾದಿ ಹೇಳುತ್ತಾನೆ: ಪ್ರತಿಯೊಬ್ಬರಿಗೂ ತಮ್ಮ ಜಾಗ ಗೊತ್ತು, ಜಗಳವಿಲ್ಲದೆ ಮನೆ ನಡೆಯುತ್ತದೆ. ಸಂಘರ್ಷವಾದಿ ಕೇಳುತ್ತಾನೆ: ನಡೆಯುವುದು ಯಾರ ಅನುಕೂಲಕ್ಕೆ? ಯಾವ ತಟ್ಟೆ ಯಾರಿಗೆಂದು ತೀರ್ಮಾನಿಸಿದವರು ಯಾರು? ಮೂರನೆಯವನು ಸಾಂಕೇತಿಕ ಅಂತಃಕ್ರಿಯಾವಾದಿ. ಅವನ ಪ್ರಕಾರ ತಟ್ಟೆ ಬರೀ ಸ್ಟೀಲು. ಒಬ್ಬ ಕೊಟ್ಟು ಇನ್ನೊಬ್ಬ ತೆಗೆದುಕೊಳ್ಳುವಾಗೆಲ್ಲ ಅದಕ್ಕೆ ಅರ್ಥ ಹೊಸದಾಗಿ ಹುಟ್ಟುತ್ತದೆ.

ಒಬ್ಬ ಹುಡುಗಿ ಕೇಳಿದಳು: "ಸರ್, ಆ ಮನೇಲಿ ಈಗ್ಲೂ ಹಂಗೇನಾ?"

"ಇಲ್ಲಮ್ಮ. ಅದೆಲ್ಲ ಹಳೇ ಕಾಲದ್ದು."

ಕೆಳಗಿಳಿದರೆ, ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆಯೇ ಬಂದಿದ್ದ ಡಾಕ್ಟರು ಆಗಷ್ಟೇ ತಮ್ಮ ಕೋಣೆಯಿಂದ ಇಳಿದು ಟೀ ಕಾಸುತ್ತಿದ್ದರು. ಈ ಊರಿನ ಗೋಡೆಗಳು ರಟ್ಟಿನಷ್ಟೇ ದಪ್ಪ ಎಂಬುದು ನನಗೆ ಆಗ ನೆನಪಾಯಿತು.

"ಪಾಠ ಚೆನ್ನಾಗಿತ್ತು ಸರ್. ಮೂರೂ ಅರ್ಥ ಆಯ್ತು."

"ಕೇಳಿಸ್ತಾ ಡಾಕ್ಟ್ರೇ?"

"ಪೂರ್ತಿ. ಹಳೇ ಕಾಲ ಮುಗೀತು ಅಂದ್ರಲ್ಲ, ಅದೂ ಕೇಳಿಸ್ತು." ತಮ್ಮ ಲೋಟಕ್ಕೆ ಟೀ ಬಗ್ಗಿಸಿಕೊಂಡರು. "ಯಾವಾಗ ಮುಗೀತು ಸರ್? ನಂಗೆ ಯಾರೂ ಹೇಳ್ಲೇ ಇಲ್ಲ."

ಮಾತಿನಿಂದಲೇ ಸಂಬಳ ತಿಂದ ನಾನು ಸಕ್ಕರೆ ಡಬ್ಬಿಯನ್ನು ಅವರ ಕಡೆ ಸರಿಸಿದೆ. ತಪ್ಪಾಯಿತು ಎನ್ನಬಹುದಿತ್ತು, ಅದಕ್ಕೆ ಸಿದ್ಧಾಂತವೇನೂ ಬೇಕಿರಲಿಲ್ಲ.

ಸಂಜೆ ಮೇಜಿನ ಮೇಲೆ ಎಲ್ಲರಿಗೂ ಒಂದೇ ಥರದ ತಟ್ಟೆ ಇಟ್ಟು, ಅವರನ್ನು ನಾನೇ ಕರೆದೆ. ಬಂದರು. ಮೇಜನ್ನು ನೋಡಿದರು. ಕಿಟಕಿಯ ಕಟ್ಟೆಯಿಂದ ತಮ್ಮ ತಟ್ಟೆ ತೆಗೆದುಕೊಂಡು, "ಇದೇ ಅಭ್ಯಾಸ ಆಗೈತೆ ಸರ್, ಬೇಜಾರು ಮಾಡ್ಕೋಬೇಡಿ," ಎಂದು ಬಡಿಸಿಕೊಂಡು ಮಹಡಿ ಹತ್ತಿದರು. ಮಗಳು ನನ್ನ ಮುಖ ನೋಡಲಿಲ್ಲ.

ತಿಂಗಳ ಕೊನೆಗೆ ಅವರು ಅತ್ಲೋನ್ ಎಂಬ ದೂರದ ಊರಿನಲ್ಲಿ ಬೇರೆ ಕೆಲಸ, ಬೇರೆ ಮನೆ ಹಿಡಿದು ಹೋದರು. ತಟ್ಟೆ, ಲೋಟ ತೊಳೆದು ಕಟ್ಟೆಯ ಮೇಲೆಯೇ ಇಟ್ಟಿದ್ದರು.