ಬೇತಮಂಗಲದ ಕೆರೆಯಲ್ಲಿ ಹಾಯಿ ಸುತ್ತಿದ್ದು

ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಚಿನ್ನದ ಗಣಿಯ ಊರಾದ ಊರಿಗಾಂನಲ್ಲಿ ನನ್ನದೊಂದು ವೆಲ್ಡಿಂಗ್ ಶೆಡ್ಡಿದೆ. ಅಲ್ಲಿಂದ ಹೋದ ಗೇಟು ಒಂದೂ ರಿಪೇರಿಗೆ ತಿರುಗಿ ಬಂದಿಲ್ಲ. ಆದರೂ ಇಲ್ಲಿನ ಕಾರ್ಖಾನೆಯಲ್ಲಿರುವ ಕಾರವಾರ ಕಡೆಯ ಸಾಹೇಬರು ಬಂದು, "ನಮ್ಮ ದೋಣಿಯ ಮುಂದಿನ ಹಾಯಿ ಸುತ್ತೋಕೆ ಏನಾದ್ರೂ ಆರಿಸಿಕೊಡಿ ಮೇಸ್ತ್ರೀ" ಎಂದಾಗ ಹಿಂದೆಮುಂದೆ ನೋಡಿದೆ. ಹಾಯಿಯನ್ನು ಹತ್ತಿರದಿಂದ ಕಂಡವನೇ ಅಲ್ಲ.

ಭಾನುವಾರಗಳಲ್ಲಿ ಅವರು ಬೇತಮಂಗಲದ ಕೆರೆಯಲ್ಲಿ ಪುಟ್ಟ ಹಾಯಿದೋಣಿ ಬಿಡುತ್ತಿದ್ದರು. ಬಲಭುಜ ನೋವಿನಿಂದ ಹಿಡಿದುಕೊಂಡ ಮೇಲೆ, ಅಲ್ಲಾಡುವ ದೋಣಿಯಲ್ಲಿ ಮುಂದಕ್ಕೆ ತೆವಳಿ ಹಾಯಿ ಇಳಿಸಲು ಆಗುತ್ತಿರಲಿಲ್ಲ. ಹಿಂದೆ ಕೂತಲ್ಲಿಂದಲೇ ಸುತ್ತಲಾಗದಿದ್ದರೆ ದೋಣಿಯನ್ನು ಅಲ್ಲಿನ ಮೀನಿನವನಿಗೆ ಕೊಟ್ಟುಬಿಡುವುದೆಂದು ಮಾತಾಗಿತ್ತು.

ಫೋನಿನಲ್ಲಿ ಹಾಯಿ ಸುತ್ತುವ ಬಗೆಬಗೆಯ ಸಾಧನಗಳನ್ನು ನೋಡಿದೆವು. ಉದ್ದ ಅಲ್ಯೂಮಿನಿಯಂ ಕೊಳವೆಯದು ಆ ದೋಣಿಗೆ ಭಾರ. ಹಗ್ಗ ಎಳೆದು ಹಾಯಿಯನ್ನು ಕೆಳಗೆ ಬೀಳಿಸುವುದು ಸುಲಭ. ಆದರೆ ಬಿದ್ದದ್ದನ್ನು ಕಟ್ಟಲು ಮತ್ತೆ ಮುಂದಕ್ಕೇ ಹೋಗಬೇಕು. ಕೊನೆಗೆ, ಕೆಳಗೊಂದು ಡ್ರಮ್ಮು, ಮೇಲೊಂದು ತಿರುಗಣೆ ಇರುವುದನ್ನು ಆರಿಸಿದೆ. ಡ್ರಮ್ಮಿನ ಹಗ್ಗ ಎಳೆದರೆ ಡ್ರಮ್ಮು ತಿರುಗಿ, ಹಾಯಿ ಚಾಪೆಯಂತೆ ಸುತ್ತಿಕೊಳ್ಳುತ್ತದೆ.

"ಇದೇ ಇರ್ಲಿ ಸಾರ್. ಡ್ರಮ್ಮು, ಹಗ್ಗ ಅಂದ್ರೆ ನಮ್ ಮನೇದು. ನಮ್ಮಪ್ಪ ಗಣೀಲಿ ವೈಂಡಿಂಗ್ ಇಂಜಿನ್ ಓಡಿಸ್ದೋರು!"

ಆ ಜಂಬವೇ ಕೈಕೊಟ್ಟಿತು. ಗಣಿಯಲ್ಲಿ ಜನರನ್ನು ಇಳಿಸಿ ಏರಿಸುವ ತೊಟ್ಟಿಲು ಮೇಲೆ ಬಂದು ಕೆಲಸ ನಿಂತಾಗ ಹಗ್ಗವೆಲ್ಲ ಡ್ರಮ್ಮಿನ ಮೇಲಿರುತ್ತದೆ. ಹಾಗೆಂದೇ ನಾನೂ, ತರಿಸಿದ್ದನ್ನು ದೋಣಿಗೆ ಕೂರಿಸುವಾಗ, ಹಾಯಿಯನ್ನು ಸುತ್ತಿಟ್ಟು ಡ್ರಮ್ಮಿನ ತುಂಬ ಹಗ್ಗ ಸುತ್ತಿದೆ. ದಡದಲ್ಲಿ ದೋಣಿ ಕಟ್ಟಿ, ಹಾಯಿಯ ಮೂಲೆ ಹಿಡಿದೆಳೆದರೆ ಚೆಂದವಾಗಿ ಬಿಚ್ಚಿಕೊಂಡಿತು. ಅಷ್ಟರಲ್ಲಿ ಹಗ್ಗವೆಲ್ಲ ಬಿಚ್ಚಿಹೋಗಿ ಡ್ರಮ್ಮು ಬೋಳಾಗಿತ್ತು. ಹಗ್ಗ ಎಷ್ಟು ಜಗ್ಗಿದರೂ ಹಾಯಿ ಸುತ್ತಿಕೊಳ್ಳಲೊಲ್ಲದು.

"ಗಾಳಿ ಬಂದ್ರೆ ನಿಮ್ಮಪ್ಪೋರನ್ನೇ ಕರೀಬೇಕಾ ಮೇಸ್ತ್ರೀ?" ಸಾಹೇಬರು ನಕ್ಕರು, ಕಣ್ಣು ಮಾತ್ರ ದೋಣಿಯ ಮೇಲಿತ್ತು.

ಮೀನಿನವನು ಹಲ್ಲು ಕಿರಿದ. "ದೋಣಿ ನಂಗೇ ಬತ್ತೈತೆ ಬಿಡಣ್ಣ."

"ಬಾಯ್ ಮುಚ್ಕೊಂಡು ಬಲೆ ಒಣಗಾಕ್ಕೋ ಓಗ್ಲಾ!" ಎಂದು ಗದರಿದೆ.

ಖಾಲಿ ಡ್ರಮ್ಮನ್ನು ನೋಡುತ್ತ ನಿಂತಾಗ ಹೊಳೆಯಿತು. ಇಲ್ಲಿ ಗಣಿಯ ಲೆಕ್ಕ ತಲೆಕೆಳಗು: ಹಾಯಿ ಬಿಚ್ಚಿದಾಗಲೇ ಡ್ರಮ್ಮು ತುಂಬಿರಬೇಕು. ಬಿಚ್ಚಿದ ಹಾಯಿಯನ್ನು ಹಾಗೇ ಬಿಟ್ಟು ಹಗ್ಗವನ್ನು ಡ್ರಮ್ಮಿಗೆ ಸುತ್ತಿದೆ. ತುದಿಯನ್ನು ಹಿಂದಕ್ಕೆ ತಂದು ಸಾಹೇಬರ ಎಡಗೈಗೆ ಕೊಟ್ಟೆ.

ಅವರು ಎಳೆದರು. ಹಾಯಿ ಸರಸರನೆ ಸುರುಳಿಯಾಯಿತು. ಬಿಚ್ಚಿದರು, ಮತ್ತೆ ಎಳೆದರು. ಆಮೇಲೆ ನಮ್ಮನ್ನು ಮರೆತು, ಕಟ್ಟು ಕಳಚಿ, ಒಬ್ಬರೇ ಕೆರೆಯ ನಡುವಿಗೆ ಹೊರಟೇಬಿಟ್ಟರು. ಅಲ್ಲಿಯೂ ಅದೇ ಆಟ.

"ಇನ್ನೆಲ್ಲಿ ಕೊಡ್ತಾರೆ!" ಮೀನಿನವನು ನಿಟ್ಟುಸಿರಿಟ್ಟ. "ಒಂದ್ ರೌಂಡಾದ್ರೂ ನನ್ನ ಕರ್ಕೊಂಡೋಗಾಕೆ ಸಾಹೇಬ್ರಿಗೆ ಏಳಣ್ಣ."

"ಮೊದ್ಲು ನಾನು ಕಣ್ಲಾ," ಎಂದು ಪ್ಯಾಂಟು ಮಡಚಿ ನೀರಿಗಿಳಿದೆ.