ರಾಮಕ್ಕನ ಬೆಂಚು, ನನ್ನ ಫ್ಲ್ಯಾಶು

ಪೂಜೆ ಮಾಡಿ ಯಂತ್ರದ ನೆನಪು ಅಳಿಸಿದವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಕೋಲಾರದ ಒಂದು ಖಾಸಗಿ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಕೋಣೆ ನನ್ನ ಸುಪರ್ದಿಯಲ್ಲಿದೆ. ಮಾಲೂರಿನಿಂದ ಶ್ರೀನಿವಾಸಪುರದವರೆಗಿನ ಹಸುಗಳ ಜಾತಕವೆಲ್ಲ, ಅಂದರೆ ಯಾವುದಕ್ಕೆ ಯಾವ ಕಾಯಿಲೆ, ಯಾವ ಔಷಧ ಎಂಬುದೆಲ್ಲ, ನಮ್ಮ ಡಿಸ್ಕುಗಳಲ್ಲಿದೆ. ಡಿಸ್ಕಿನದು ದೊಡ್ಡ ಹೊಟ್ಟೆ, ನಿಧಾನದ ನಡಿಗೆ. ಮೆಮೊರಿ ಚುರುಕು, ಆದರೆ ಜಾಗ ಅಂಗೈಯಷ್ಟು. ಇವೆರಡರ ನಡುವೆ ಫ್ಲ್ಯಾಶ್ ಎಂಬ, ಡಿಸ್ಕಿಗಿಂತ ಚುರುಕಾದ ಚಿಪ್ಪು ಕೂರಿಸಿದರೆ, ಮೆಮೊರಿಯಲ್ಲಿ ಜಾಗ ಸಿಗದ, ಆದರೆ ಪದೇ ಪದೇ ಬೇಕಾಗುವ ದಾಖಲೆಗಳು ಅಲ್ಲಿ ಕೈಗೆಟುಕುವಂತೆ ಕಾದಿರುತ್ತವೆ. ಇದನ್ನು ಎರಡನೇ ಹಂತದ ಕ್ಯಾಶ್ ಎನ್ನುತ್ತಾರೆ; ದುಡ್ಡಿನ ಕ್ಯಾಶ್ ಅಲ್ಲ, ಕೈಯಳತೆಯ ಉಗ್ರಾಣ. ಮ್ಯಾನೇಜರಿಗೆ ವಿವರಿಸುವಾಗ ನನ್ನ ಗತ್ತು ನೋಡಿದ್ದರೆ, ಅದನ್ನು ನಾನೇ ಕಂಡುಹಿಡಿದೆ ಎಂದುಕೊಳ್ಳುತ್ತಿದ್ದಿರಿ.

ಕಡತ ನೋಡಿಕೊಳ್ಳುವ ಮುಳಬಾಗಿಲಿನ ರಾಮಕ್ಕ ಮಾತ್ರ ನಕ್ಕರು. "ಇಷ್ಟೇನಾ ನಾಯನಾ? ನನ್ನ ಬೆಂಚೂ ಅದೇ ಕೆಲ್ಸ ಮಾಡ್ತದಲ್ಲ!"

ಮಾಡುತ್ತಿತ್ತು. ಡಾಕ್ಟರರ ಚೀಟಿಗಳು ಸ್ಕ್ಯಾನ್ ಆದ ಮೇಲೆ ಆಕೆಯ ಕಡತ ಸೇರುತ್ತಿದ್ದವು. ಮೇಜಿನ ಮೇಲೆ ನಾಲ್ಕು ಕಡತ, ಪಕ್ಕದ ಬೆಂಚಿನ ಮೇಲೆ ನಲವತ್ತು, ಉಳಿದದ್ದು ಹಿಂದಿನ ಗೋದಾಮಿನಲ್ಲಿ. ಹೋಲಿಕೆ ಅಷ್ಟು ಸರಿಯಾಗಿದ್ದುದಕ್ಕೇ ನನಗೆ ಉರಿದುಹೋಯಿತು. "ಫ್ಲ್ಯಾಶ್ ಬಂದ ಮೇಲೆ ಬೆಂಚು ಯಾಕೆ ಸಾರ್? ಎತ್ತಿಸಿಬಿಡಿ" ಎಂದು ಮ್ಯಾನೇಜರಿಗೆ ಹೇಳಿದೆ. ಫ್ಲ್ಯಾಶ್ ಬಂತು. ಆಯುಧಪೂಜೆಯ ಮರುದಿನ ಬೆಂಚು, ಕಡತ ಎಲ್ಲ ಗುಜರಿಗೆ ಎಂದು ತೀರ್ಮಾನವಾಯಿತು. ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಯಿತು.

ಆಯುಧಪೂಜೆಯ ದಿನ ನಮ್ಮಪ್ಪ ಪಂಪ್‌ಸೆಟ್ಟಿಗೂ ರಜೆ ಕೊಡುತ್ತಿದ್ದರು. ನಾನೂ ಹಾಗೇ ಯಂತ್ರ ಆರಿಸಿ, ಒರೆಸಿ, ಕುಂಕುಮವಿಟ್ಟು, ಬಾಗಿಲಲ್ಲಿ ಬೂದುಗುಂಬಳ ಒಡೆದು, ಮರುದಿನ ಬೆಳಿಗ್ಗೆ ಶುರುಮಾಡಿದೆ. ನಾವು ಕೊಂಡ ಮಾದರಿಯ ಕ್ಯಾಶ್ ಆರಿಸಿದರೆ ಎಲ್ಲ ಮರೆತು ಏಳುತ್ತದೆ, ಜನ ಕೇಳಿಕೇಳಿಯೇ ಮತ್ತೆ ತುಂಬಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಭಕ್ತಿಯ ಭರದಲ್ಲಿ ಹೊಳೆಯಲಿಲ್ಲ.

ಹತ್ತು ಗಂಟೆಗೆ ಕ್ಯಾಲನೂರಿನ ರೈತ ಮುನಿಯಪ್ಪನ ಫೋನು. "ಡಾಕ್ಟ್ರು ಸೂಜಿ ಹಿಡ್ಕೊಂಡು ನಿಂತವ್ರೆ. ಹೋದ್ಸಲ ನಮ್ಮ ಗೌರಿಗೆ ಯಾವ ಔಷ್ದಿ ಆಗ್ಲಿಲ್ಲ? ಬೇಗ ಹೇಳ್ರಪ್ಪಾ, ಹಸು ಬಿದ್ಬಿಟ್ಟದೆ!"

ವಾರಕ್ಕೆರಡು ಸಲ ಕಾಯಿಲೆ ಬೀಳುವ ಹಸು ಅದು; ನಾನು ಯಂತ್ರ ಆರಿಸದಿದ್ದರೆ ಅದರ ದಾಖಲೆ ಫ್ಲ್ಯಾಶಿನಲ್ಲೇ ಇರುತ್ತಿತ್ತು. ರಜೆ ಮುಗಿಸಿ ಬಂದ ಇಡೀ ಡೇರಿ ಒಟ್ಟಿಗೆ ಡಿಸ್ಕಿನ ಮೇಲೆ ಬಿದ್ದಿತ್ತು. ಪರದೆಯಲ್ಲಿ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮ್ಯಾನೇಜರ್ ನನ್ನನ್ನೇ ನೋಡಿದರು. ಹಣೆಯ ಬೆವರು ಒರೆಸಿಕೊಂಡರೆ ಕೈತುಂಬ ಕುಂಕುಮ.

ರಾಮಕ್ಕ ಕೂತಲ್ಲಿಂದಲೇ ಬೆಂಚಿನ ಕಡೆ ಕೈಚಾಚಿ ಕಡತ ಎಳೆದು, ಔಷಧದ ಹೆಸರನ್ನು ಫೋನಿನಲ್ಲಿ ಎರಡು ಸಲ ಓದಿದರು. ಹಿಂದಿನ ದಿನ ಆಕೆಯೂ ಬೆಂಚಿಗೆ ಪೂಜೆ ಮಾಡಿದ್ದರು. ಆದರೆ ಒಂದೊಂದೇ ಕಡತ ಎತ್ತಿ, ಧೂಳು ಕೊಡವಿ, ಇದ್ದ ಜಾಗದಲ್ಲೇ ಇಟ್ಟಿದ್ದರು.

ಸಂಜೆ ಗೌರಿ ಎದ್ದು ಮೇವು ತಿಂದಳೆಂದು ಸುದ್ದಿ ಬಂತು. ಗುಜರಿಯವನನ್ನು ನಾನೇ ಬಾಗಿಲಲ್ಲಿ ತಡೆದು ವಾಪಸು ಕಳಿಸಿದೆ. ರಾಮಕ್ಕ ಕನ್ನಡಕದ ಮೇಲಿಂದ ನೋಡಿ, "ಯಾಕೆ ನಾಯನಾ, ನೀನೇ ಹೇಳಿದ್ದು ಮರ್ತೋಯ್ತಾ?" ಎಂದರು.

ಈಗ ಆಯುಧಪೂಜೆಯಲ್ಲಿ ಓಡುವ ಯಂತ್ರಕ್ಕೇ ದೂರದಿಂದ ಆರತಿ. ಆರಿಸಲೇಬೇಕಾಗಿ ಬಂದರೆ, ಮರುದಿನ ಎಲ್ಲರಿಗಿಂತ ಮೊದಲು ಬಂದು ನಾನೇ ಒಂದೊಂದು ಹಸುವಿನ ದಾಖಲೆಯನ್ನೂ ಕೇಳಿ ಕೇಳಿ ಕ್ಯಾಶ್ ತುಂಬಿಸುತ್ತೇನೆ. ಯಾವ ಹಸು ಮೊದಲು ಎಂಬ ಚಿಂತೆ ನನಗಿಲ್ಲ. ರಾಮಕ್ಕನ ಬೆಂಚಿನ ಮುಂದೆ ನಿಂತು, ಎಡಗಡೆಯಿಂದ ಕಡತಗಳ ಹೆಸರು ಓದುತ್ತಾ ಹೋಗುತ್ತೇನೆ.